ಮಂಗನ ಕಾಯಿಲೆ ಅಧ್ಯಯನಕ್ಕೆ ಎಐ: ತಿಳಿದವರು ಹೇಳಿ

ಪ್ರಶ್ನೆ: ಶಿವಮೊಗ್ಗದಲ್ಲಿ ಎಂ.ಡಿ. ವಿದ್ಯಾರ್ಥಿ. ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಜ್ವರದ ದಾಖಲೆಗಳಿಂದ, ಮುಂದಿನ ಸೀಸನ್ನಿನಲ್ಲಿ ಮಂಗನ ಕಾಯಿಲೆ ಯಾವ ಊರಿಗೆ ಬರಬಹುದೆಂದು ಎಐ ಮಾಡೆಲ್ ಬಳಸಿ ಅಂದಾಜಿಸುವ ಪ್ರಬಂಧ ಮಾಡಬಹುದೇ? ಎಲ್ಲಿ ಎಡವುತ್ತೇನೆ?

ಉತ್ತರ 1
ಖಂಡಿತ ಮಾಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಕಾಯಿಲೆಗೆ ಇವತ್ತಿಗೂ ನೇರ ಔಷಧಿಯಿಲ್ಲ. ಎರಡು ವಾರ ಮೊದಲೇ ಸುಳಿವು ಸಿಕ್ಕರೆ, ಸೊಪ್ಪಿನಬೆಟ್ಟಕ್ಕೆ ದರಕಿಗೆ (ಒಣಗಿದ ಎಲೆಗೆ) ಹೋಗುವವರ ಕೈಗೆ, ಕಾಯಿಲೆ ಹರಡುವ ಉಣುಗು ತಡೆಯುವ ಎಣ್ಣೆ ಮುಟ್ಟಿಸಬಹುದು. ಮಂಗ ಸತ್ತ ಜಾಗ, ಮಳೆ ನಿಂತ ವಾರ, ಕಾಡಂಚಿನ ತೋಟ, ದನ ಮೇಯುವ ಬೇಣ ಎಲ್ಲವನ್ನೂ ಒಟ್ಟಿಗೆ ತೂಗುವುದು ಕಣ್ಣಳತೆಗೆ ಆಗದ ಕೆಲಸ.

ಅಪಾಯ ದಾಖಲೆಯೊಳಗೇ ಇದೆ. ಆಸ್ಪತ್ರೆಗೆ ಹತ್ತಿರದ ಊರಿನ ಜ್ವರ ಪರೀಕ್ಷೆಗೆ ಬರುತ್ತದೆ, ಘಟ್ಟದಂಚಿನ ಒಂಟಿಮನೆಯದು ಬರುವುದಿಲ್ಲ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಆದಂತೆ ಒಂದೆಡೆ ಕಾಯಿಲೆ ಉಲ್ಬಣಿಸಿದರೆ ಎಲ್ಲರ ಗಮನ ಅಲ್ಲಿಗೇ, ಸ್ಯಾಂಪಲ್ಲೂ ಅಲ್ಲಿಂದಲೇ ಹೆಚ್ಚು. ಆಗ ಸ್ಯಾಂಪಲ್ ತೆಗೆದವರು ಓಡಾಡಿದ ದಾರಿಯನ್ನೇ ವೈರಸ್ಸಿನ ದಾರಿಯೆಂದು ಮಾಡೆಲ್ ಕಲಿತುಬಿಡುತ್ತದೆ. ಊರಿಗೆಷ್ಟು ಪಾಸಿಟಿವ್ ಎಂಬುದರ ಪಕ್ಕದಲ್ಲಿ ಎಷ್ಟು ಪರೀಕ್ಷೆ ಎಂಬ ಕಾಲಂ ಇಲ್ಲದಿದ್ದರೆ ಆ ದಾಖಲೆ ಬಳಸಬೇಡಿ.

ಹಳೆಯ ಲಸಿಕೆಯದ್ದೂ ಇದೇ ಕಥೆ. ಕಾಯಿಲೆ ಕಂಡ ಜಾಗದ 5 ಕಿ.ಮೀ. ಸುತ್ತ ಹಾಕುತ್ತಿದ್ದರು. ಹಾಕಿದ ದಿನಾಂಕ ಸೇರಿಸದಿದ್ದರೆ ‘ಲಸಿಕೆ ಹಾಕಿದಲ್ಲೇ ಕಾಯಿಲೆ ಹೆಚ್ಚು’ ಎಂಬ ತಲೆಕೆಳಗಾದ ಉತ್ತರ ಬರುತ್ತದೆ.

ಉತ್ತರ 2
ಲ್ಯಾಬಿನ ಕಡೆಯಿಂದ ಒಂದು ಮಾತು. ಜ್ವರದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್, ಆಮೇಲೆ ರಕ್ತದಲ್ಲಿನ ಪ್ರತಿಕಾಯ ಹುಡುಕುವ ಐಜಿಎಂ ಎಲಿಸಾ. ತಡವಾಗಿ ಬಂದವರ ಪಿಸಿಆರ್ ನೆಗೆಟಿವನ್ನು ‘ಕಾಯಿಲೆ ಇಲ್ಲ’ ಎಂದು ತುಂಬಿದರೆ ಮಾಡೆಲ್‌ಗೆ ಸುಳ್ಳು ಪಾಠ. ಜ್ವರ ಶುರುವಾದ ದಿನ, ರಕ್ತ ತೆಗೆದ ದಿನ ಎರಡೂ ಬೇಕು.

ಉತ್ತರ 3
ದಾಖಲೆಯನ್ನು ಮಾಡೆಲ್ ಕಲಿಯಲು ಶೇ 80, ಪರೀಕ್ಷಿಸಲು ಶೇ 20 ಎಂದು ಯಾದೃಚ್ಛಿಕವಾಗಿ ಒಡೆಯಬೇಡಿ. ಒಂದೇ ಕೇರಿಯ, ಒಂದೇ ವಾರದ ಅಕ್ಕಪಕ್ಕದ ಮನೆಗಳು ಎರಡೂ ಕಡೆ ಸೇರಿ ಫಲಿತಾಂಶ ಥಳಥಳಿಸುತ್ತದೆ, ಮುಂದಿನ ವರ್ಷ ಕುಸಿಯುತ್ತದೆ. ಕೊನೆಯ ಎರಡು ಸೀಸನ್ ಮುಚ್ಚಿಟ್ಟು ಅದರ ಮೇಲೆ ಪರೀಕ್ಷಿಸಿ. ಒಂದು ತಾಲ್ಲೂಕನ್ನು ಪೂರ್ತಿ ಹೊರಗಿಟ್ಟೂ ನೋಡಿ.

ನಿಖರತೆಯ ಅಂಕಿಗೆ ಮರುಳಾಗಬೇಡಿ. 1,000 ಸ್ಯಾಂಪಲ್ಲಿನಲ್ಲಿ 40 ಪಾಸಿಟಿವ್ ಇದ್ದರೆ, ಎಲ್ಲದಕ್ಕೂ ‘ಇಲ್ಲ’ ಎನ್ನುವ ಮಾಡೆಲ್ಲಿಗೂ ಶೇ 96. ಇನ್ನೊಂದು ಲೆಕ್ಕ: 10,000 ಜ್ವರದವರಲ್ಲಿ ನಿಜವಾದ ರೋಗಿಗಳು 100 ಎಂದುಕೊಳ್ಳಿ. ಸೂಕ್ಷ್ಮತೆ (ರೋಗಿಗಳನ್ನು ಹಿಡಿಯುವ ಪ್ರಮಾಣ), ನಿರ್ದಿಷ್ಟತೆ (ರೋಗವಿಲ್ಲದವರನ್ನು ಸರಿಯಾಗಿ ಬಿಡುವ ಪ್ರಮಾಣ) ಎರಡೂ ಶೇ 90 ಇದ್ದರೂ ಸಿಗುವುದು 90 ಮಂದಿ, ಸುಳ್ಳು ಎಚ್ಚರಿಕೆ 990 ಮಂದಿಗೆ. ಅಷ್ಟು ಜನರ ರಕ್ತ ಪರೀಕ್ಷೆಗೆ ಕಿಟ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಉತ್ತರ 4
ಪ್ರಬಂಧ ಬರೆಯಲು ಚಾಟ್‌ಬಾಟ್ ಬಳಸಿದರೆ, ಅದು ಕೊಟ್ಟ ಪ್ರತಿ ಉಲ್ಲೇಖವನ್ನೂ ವೈದ್ಯಕೀಯ ಲೇಖನಗಳ ಜಾಲತಾಣ ಪಬ್‌ಮೆಡ್‌ನಲ್ಲಿ ತೆರೆದು ನೋಡಿ. ಇಲ್ಲದ ಲೇಖನಕ್ಕೆ ಇರುವ ಪತ್ರಿಕೆಯ ಹೆಸರು ಅಂಟಿಸುವುದುಂಟು. ಸೌದಿಯ ಅಲ್‌ಖುರ್ಮಾ ವೈರಸ್ ನಮ್ಮ ಮಂಗನ ಕಾಯಿಲೆ ವೈರಸ್ಸಿನ ಹತ್ತಿರದ ನೆಂಟ. ಚಾಟ್‌ಬಾಟ್ ಉತ್ತರದಲ್ಲಿ ಅದರ ಅಂಕಿ ಬೆರೆತಿದೆಯೇ ಗಮನಿಸಿ.

ರೋಗಿಗಳ ಹಾಳೆಯನ್ನು ಮಾತ್ರ ಚಾಟ್‌ಬಾಟ್‌ಗೆ ಹಾಕಲೇಬೇಡಿ. ಮಲೆನಾಡಿನ ಎಷ್ಟೋ ಊರು ನಾಲ್ಕೇ ಮನೆ. ಹೆಸರು ಅಳಿಸಿದರೂ ವಯಸ್ಸು, ಊರು, ದಿನಾಂಕ ಉಳಿದರೆ ಯಾರೆಂದು ಅಂಚೆಯವರಿಗೂ ಗೊತ್ತಾಗುತ್ತದೆ. ವಯಸ್ಸನ್ನು 10 ವರ್ಷದ ಗುಂಪು ಮಾಡಿ, ಪ್ರಕಟಿಸುವಾಗ ಊರನ್ನು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಏರಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಎಐ ಸಂಶೋಧನೆಗೆಂದೇ ನೈತಿಕ ಮಾರ್ಗಸೂಚಿ ತಂದಿದೆ. ಅದನ್ನು ಓದಿ, ನೀತಿ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೇ ದಾಖಲೆ ಕೇಳಲು ಹೋಗಿ.