ಶೆಡ್ಡಲ್ಲಿ ಸಿಕ್ಕ ಹಳೇ ಟ್ರ್ಯಾಕ್ಟರ್ ಸಾಮಾನು ಯಾವುದಕ್ಕೆ?

ಪ್ರಶ್ನೆ (ಮೂಡಿಗೆರೆ): ಅಣ್ಣಾ, ತೋಟದ ಹಳೇ ಶೆಡ್ ಇಳಿಸುವಾಗ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಸಿಕ್ತು. ತಾತ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರ್ ಇಟ್ಟಿದ್ರು. ಅದಕ್ಕೂ ಮುಂಚೆ ಬೂದು ಬಣ್ಣದ ಸಣ್ಣ ಗಾಡಿ ಒಂದಿತ್ತಂತೆ. ಪೆಟ್ಟಿಗೇಲಿ ಅಂಚಿಗೆ ಗೀಟು ಹೊಡೆದ ಚಪ್ಪಟೆ ಪಾನಾ, ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಆಗೋ ಒಂದು ರಾಡು, ‘ಚರ್ಚಿಲ್’ ಅಂತ ಒತ್ತಿರೋ ನಾಲ್ಕೈದು ಬಳೆ, ‘1/2 ಡಬ್ಲ್ಯೂ’ ಅಂತಿರೋ ಇನ್ನೊಂದು ಪಾನಾ ಇವೆ. ಗುಜರಿಯವನು ತೂಕಕ್ಕೆ ಕೇಳ್ತಿದಾನೆ. ಕೊಟ್ಬಿಡ್ಲಾ?

ಉತ್ತರ (ಹಾಸನ, ಟ್ರ್ಯಾಕ್ಟರ್ ಮೆಕ್ಯಾನಿಕ್): ಸದ್ಯಕ್ಕೆ ಅವನನ್ನ ವಾಪಸ್ ಕಳಿಸಿ ಸಾರ್.

ಗೀಟಿನ ಪಾನಾ ನಿಮ್ಮ ಬೂದು ಗಾಡಿ ಜೊತೆ ಬಂದಿರೋದು. ಆ ಗಾಡಿ ಫರ್ಗ್ಯುಸನ್ ಟಿಇ 20 ಇರಬೇಕು, 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗ್ತಿತ್ತು. ಗೀಟುಗಳು ಇಂಚಿನ ಲೆಕ್ಕ. ನೇಗಿಲು ಕಟ್ಟುವಾಗ ನಟ್ಟು ಬಿಗಿಯೋದಕ್ಕೂ ಅದೇ, ಸಾಲಿನ ಆಳ ಅಗಲ ಅಳೆಯೋದಕ್ಕೂ ಅದೇ. ಹೊಲದಲ್ಲಿ ಬೇರೆ ಸ್ಕೇಲು ಹುಡುಕೋ ಕೆಲಸ ಇಲ್ಲ.

ಮೆಟ್ಟಿಲಿನ ರಾಡು ನೋಡಿ ಹೊಟ್ಟೆ ಉರೀತು. 35ರ ಕೆಲವು ಮಾಡೆಲ್‌ಗಳಲ್ಲಿ ಡ್ಯುಯಲ್ ಕ್ಲಚ್ ಬರೋದು. ಪೆಡಲ್ ಅರ್ಧ ಒತ್ತಿದ್ರೆ ಗೇರ್‌ಬಾಕ್ಸ್ ಬಿಡುತ್ತೆ, ಪೂರ್ತಿ ಒತ್ತಿದ್ರೆ ಪಿಟಿಓ, ಅಂದ್ರೆ ಹಿಂದೆ ಕಟ್ಟಿದ ಯಂತ್ರ ತಿರುಗಿಸೋ ಶಾಫ್ಟು, ಅದು ಕೂಡ ನಿಲ್ಲುತ್ತೆ. ಎರಡು ಪ್ಲೇಟು, ಒಂದು ಶಾಫ್ಟಿನೊಳಗೆ ಇನ್ನೊಂದು ಶಾಫ್ಟು. ಗಾಡಿ ನಡು ಬಿಚ್ಚಿ ಕ್ಲಚ್ ಹಾಕುವಾಗ ಎರಡೂ ಪ್ಲೇಟು ಒಂದೇ ನೇರಕ್ಕೆ ನಿಲ್ಲಬೇಕು, ಇಲ್ಲಾಂದ್ರೆ ಇಂಜಿನ್ನೂ ಗೇರ್‌ಬಾಕ್ಸೂ ಕೂಡಲ್ಲ. ಆ ನೇರ ಹಿಡಿಯೋಕೆ ಈ ರಾಡು. ಸಣ್ಣ ತುದಿ ಫ್ಲೈವೀಲಿನ (ಇಂಜಿನ್ ಹಿಂದಿನ ಭಾರದ ಚಕ್ರ) ನಡು ಬೇರಿಂಗಿಗೆ, ಮುಂದಿನ ಎರಡು ಮೆಟ್ಟಿಲು ಎರಡು ಪ್ಲೇಟಿಗೆ. ನಾನು ಕೆಲಸ ಕಲಿತ ಗ್ಯಾರೇಜಲ್ಲಿ ಇದು ಇರಲಿಲ್ಲ. ಸಿಲ್ವರ್ ಓಕ್ ತುಂಡು ಕೆತ್ತಿ ಹಾಕಿದ್ವಿ, ನಜ್ಜಾಯ್ತು. ಆಮೇಲೆ ಕಾಫಿ ಗಿಡದ ಕಾಂಡ ಕೆತ್ತಿದ್ವಿ, ಅದು ತಡೀತು. ಆದ್ರೂ ಮಧ್ಯಾಹ್ನದಿಂದ ಕತ್ತಲಾಗೋವರೆಗೂ ಮೂರು ಜನ ಗೇರ್‌ಬಾಕ್ಸ್ ತಳ್ಳಿದ್ದೇ ತಳ್ಳಿದ್ದು.

ಬಳೆಗಳು ಬೇರಿಂಗು, ಸೀಲು ಕೂರಿಸೋ ತುಂಡುಗಳು ಅನಿಸುತ್ತೆ. ಚರ್ಚಿಲ್ ಅಂದ್ರೆ ಪ್ರಧಾನಿ ಅಲ್ಲ, ಬ್ರಿಟಿಷ್ ಗಾಡಿಗಳಿಗೆ ಸ್ಪೆಷಲ್ ಟೂಲ್ ಮಾಡ್ತಿದ್ದ ಕಂಪನಿ. ಹಿಡಿ ಒಂದೇ, ಅದಕ್ಕೆ ಬದಲಾಯಿಸೋ ತುಂಡು ಹತ್ತಾರು. ಮೇಲೊತ್ತಿರೋ ನಂಬರೇ ಅದರ ಜಾತಕ, ವರ್ಕ್‌ಶಾಪ್ ಮ್ಯಾನ್ಯುಯಲ್ಲಲ್ಲಿ ಟೂಲನ್ನ ಆ ನಂಬರಿಂದಲೇ ಕರೀತಾರೆ.

ಪ್ರಶ್ನೆ (ಮೂಡಿಗೆರೆ): ಅಯ್ಯೋ, ಆ ರಾಡಲ್ಲಿ ನಮ್ಮ ಆಳು ಮೆಣಸಿನ ಬಳ್ಳಿಗೆ ಗುಂಡಿ ಹೊಡೀತಿದ್ದ! ‘1/2 ಡಬ್ಲ್ಯೂ’ ಪಾನಾಗೆ 23 ಮಿ.ಮೀ. ನಟ್ಟು ಸಡಿಲ, 24ರ ನಟ್ಟು ಒಳಗೇ ಹೋಗಲ್ಲ. ಸವೆದಿದೆಯಾ?

ಉತ್ತರ (ಹಾಸನ): ಸವೆದಿಲ್ಲ ಸಾರ್, ಅದು ವಿಟ್ವರ್ತ್ ಅಳತೆ, ಬೋಲ್ಟು ನಟ್ಟುಗಳ ಹಳೇ ಬ್ರಿಟಿಷ್ ಇಂಚಿನ ಲೆಕ್ಕ. ನಂಬರು ಬೋಲ್ಟಿನ ಕಡ್ಡಿ ದಪ್ಪದ್ದು, ತಲೆಯದ್ದಲ್ಲ. ಪಾನಾದ ಬಾಯಿ ಸುಮಾರು 23.4 ಮಿ.ಮೀ. ಬರುತ್ತೆ. ಅದಕ್ಕೆ ಆ ಪರದಾಟ.

ಪ್ರಶ್ನೆ (ಬೇಲೂರು): ನಡುವೆ ಬಾಯಿ ಹಾಕ್ತೀನಿ. ನಮ್ಮನೇಲೂ ಇಂಥವಿವೆ, ಗ್ರೈಂಡರಲ್ಲಿ ತುಕ್ಕು ತೆಗೀಲಾ?

ಉತ್ತರ (ಹಾಸನ): ಗ್ರೈಂಡರ್ ಮುಟ್ಟಿಸ್ಬೇಡಿ, ನಂಬರೇ ಹೊರಟೋಗುತ್ತೆ. ಒಂದು ರಾತ್ರಿ ಡೀಸೆಲಲ್ಲಿ ನೆನೆಹಾಕಿ, ಬಟ್ಟೇಲಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಒತ್ತಿದ ಅಕ್ಷರದೊಳಗೆ ಬಿಳಿ ನಿಲ್ಲುತ್ತೆ. ನಂಬರಿಲ್ಲದ ಸಾಮಾನಾದ್ರೆ ಯಾವ ಕಡೆ ಹೊಳಪು ಇದೆ ನೋಡಿ. ತಲೆ ಚಪ್ಪಟೆಯಾಗಿದ್ರೆ ಸುತ್ತಿಗೆ ಏಟು ತಿಂದಿದೆ, ಅಂದ್ರೆ ಕೂರಿಸೋ ಟೂಲು. ತಿರುಪಿನ ಮರೆ ಸವೆದಿದ್ರೆ ಎಳೆಯೋ ಪುಲ್ಲರ್.

ಮೂಡಿಗೆರೆಯವರೇ, ರಾಡಿನ ತುದಿ ಬಗ್ಗಿದೆಯಾ? ಗಾಜಿನ ಮೇಲೆ ಉರುಳಿಸಿ ನೋಡಿ ಹೇಳಿ.

ಪ್ರಶ್ನೆ (ಮೂಡಿಗೆರೆ): ಉರುಳಿಸ್ದೆ. ತುದಿ ಸ್ವಲ್ಪ ಕುಣೀತಿದೆ ಅಣ್ಣಾ.

ಉತ್ತರ (ಹಾಸನ): ಸುತ್ತಿಗೇಲಿ ನೇರ ಮಾಡೋಕೆ ಹೋಗ್ಬೇಡಿ. ಹಾಸನದ ಕಡೆ ಬಂದಾಗ ತನ್ನಿ, ಲೇಥಲ್ಲಿ ಕಟ್ಟಿ ನೋಡೋಣ. ಇನ್ಮೇಲೆ ಗುಂಡಿಗೆ ಹಾರೆ ಕೊಡಿ.