ಅಪ್‌ಡೇಟ್: ಶಾಲೆಯಲ್ಲಿ ಕಾಟ, ಟಿಸಿ ತೆಗೆಸಬೇಕಾ ಅಂತ ಕೇಳಿದ್ದೆ

ನಾನು ಕಾರವಾರದವಳು. ಒಂಬತ್ತನೇ ಕ್ಲಾಸಿನ ಅಕ್ಕನ ಮಗನನ್ನು ಶಾಲೆಯಲ್ಲಿ ಆಡಿಕೊಳ್ಳುತ್ತಾರೆ, ಬೇರೆ ಶಾಲೆಗೆ ಹಾಕುವುದೇ ವಾಸಿಯಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮಗ ಅಂತ ಬರೆದಿದ್ದೆ, ಈಗ ಮಗಳು ಅಂತಲೇ ಬರೆಯುತ್ತೇನೆ. ಅವಳು ತನ್ನನ್ನು ಹುಡುಗಿ ಅಂತಲೇ ಅಂದುಕೊಳ್ಳುವುದು, ಅವಳಿಗೆ ಹಾಗೇ ಇಷ್ಟ.

ಟಿಸಿ ತೆಗೆಸಲಿಲ್ಲ. ನೀವು ಹೇಳಿದ ಹಾಗೆ ಬಾಯಲ್ಲಿ ಹೇಳುವುದು ಬಿಟ್ಟು, ಯಾವ ದಿನ ಏನಾಯ್ತು ಅಂತ ಬರೆದು ಕೊಟ್ಟು, ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೆವು. ಹೆಡ್‌ಮಾಸ್ತರು ಮೊದಲು "ಹುಡುಗರು ಸುಮ್ನೆ ತಮಾಷೆ ಮಾಡ್ತಾರೆ, ನೀವೇ ಸ್ವಲ್ಪ ತಿದ್ದಿ" ಅಂದರು. ಭಾವ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 3ನೇ ಕಲಂ ತೋರಿಸಿದರು. ಶಾಲೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಅಂತ ಅದರಲ್ಲಿ ನೇರವಾಗಿ ಇದೆ. ದೂರು ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು ಅಂತಲೂ ಅದೇ ಕಾಯ್ದೆಯ 11ನೇ ಕಲಂನಲ್ಲಿ ಇದೆ. ಆಮೇಲೆ ದನಿ ಇಳಿಯಿತು.

ನಮಗೆ ಗೊತ್ತೇ ಇಲ್ಲದ ಸಂಗತಿ ಅಂದರೆ, ಟಾಯ್ಲೆಟ್ಟಿಗೆ ಹೋಗಲು ಹೆದರಿ ಅವಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲವಂತೆ, ಈ ಕರಾವಳಿ ಸೆಕೆಯಲ್ಲಿ! ಈಗ ಸ್ಟಾಫ್ ರೂಮಿನ ಪಕ್ಕದ್ದನ್ನು ಬಳಸಲು ಬಿಟ್ಟಿದ್ದಾರೆ. ಇಬ್ಬರು ಹುಡುಗರ ಅಪ್ಪ-ಅಮ್ಮಂದಿರನ್ನು ಕರೆಸಿದರು. ಒಬ್ಬ ಇನ್ನೂ ಗೊಣಗುತ್ತಾನೆ.

ಹಾಜರಿ ಪುಸ್ತಕದಲ್ಲಿ ಹಳೇ ಹೆಸರೇ ಇದೆ. ಕನ್ನಡ ಟೀಚರ್ ಮಾತ್ರ ಅವಳು ಇಟ್ಟುಕೊಂಡ ಹೆಸರಿನಿಂದಲೇ ಕರೆಯುತ್ತಾರೆ. ಮಕ್ಕಳ ಸಹಾಯವಾಣಿ 1098 ನಂಬರ್ ಕೊಟ್ಟವರಿಗೆ ಥ್ಯಾಂಕ್ಸ್, ಅವಳೇ ಅದನ್ನು ಕಂಪಾಸ್ ಬಾಕ್ಸಿನೊಳಗೆ ಅಂಟಿಸಿಕೊಂಡಿದ್ದಾಳೆ.