ದೂಧಸಾಗರದ ಕಾಡಿನ ನಡುವ ರೈಲು ಬಂದದ್ದು ಹೆಂಗ, ಡಬಲ್ ಟ್ರ್ಯಾಕ್ ಏನಾತು?

ವಾಸ್ಕೋ ಧಾರವಾಡಿ:
ನಮಸ್ಕಾರ್ರೀ ಎಲ್ಲಾರಿಗೂ. ನಾವು ವಾಸ್ಕೋದಾಗ ಇರೋರು, ಊರಿಗೆ ಹೋಗೋ ಮುಂದ ದೂಧಸಾಗರ ಜಲಪಾತ ದಾಟೇ ಹೋಗ್ತೀವಿ. ಮಗಳು ಸಾಲಿ ಪ್ರಾಜೆಕ್ಟಿಗೆ ಇದನ್ನ ತಗೊಂಡಾಳ, "ಅಭಯಾರಣ್ಯದ ನಟ್ಟನಡುವ ರೈಲು ಹೆಂಗ ಬಿಟ್ರು ಅಪ್ಪಾ" ಅಂತ ಕೇಳಾಕತ್ಯಾಳ. ಡಬಲ್ ಟ್ರ್ಯಾಕ್ ಗದ್ದಲ ಇತ್ತಲ್ರಿ, ಅದೇನಾತು? ಈ ಮಳಿಗಾಲದಾಗ ಹತ್ರ ಹೋಗಿ ನೋಡಾಕ ಬರತೈತೇನು?

ಫೋಂಡಾ ಮಾಸ್ತರ:
ರೈಲು ಮೊದಲು ಬಂದದ್ದು, ಅಭಯಾರಣ್ಯ ಆಮ್ಯಾಲೆ. ಪೋರ್ಚುಗೀಸರ ಕಾಲದಾಗ, 1880ರ ದಶಕದಾಗ, ಮುರಗಾಂವ ಬಂದರದಿಂದ ಘಟ್ಟದ ಮ್ಯಾಲಿನ ಕ್ಯಾಸಲ್‌ರಾಕ್ ಕಡೆ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಹಾಕಿದ್ರು. ಘಟ್ಟದ ಏರು 37ಕ್ಕೆ 1 (37 ಮೀಟರ್ ಹೋದ್ರ 1 ಮೀಟರ್ ಏರು), ಅದಕ್ಕ ಇವತ್ತಿಗೂ ಘಟ್ಟದ ಬುಡದ ಕುಳೆಂ ಸ್ಟೇಷನ್ನಿನಾಗ ಗಾಡಿ ಹಿಂದ ಬ್ಯಾಂಕರ್ ಎಂಜಿನ್ ಹಚ್ಚಿ ದಬ್ಬಿಸ್ತಾರ, ಮಗಳಿಗೆ ಅದನ್ನ ಇಳಿದು ತೋರಿಸ್ರಿ. ಅಭಯಾರಣ್ಯ ಆದದ್ದು 1969ರಾಗ, ಒಟ್ಟು ಸುಮಾರು 240 ಚದರ ಕಿ.ಮೀ., ಅದರೊಳಗಿನ 107 ಚದರ ಕಿ.ಮೀ. 1978ರಾಗ ಮೊಲ್ಲೆಂ ರಾಷ್ಟ್ರೀಯ ಉದ್ಯಾನ ಆತು. ಈಗಿನ ಅಗಲ ಹಳಿ (ಬ್ರಾಡ್‌ಗೇಜ್) 90ರ ದಶಕದ್ದು.

ಮಡಗಾಂವ್ ಅಕ್ಕ:
ಡಬಲ್ ಟ್ರ್ಯಾಕ್ ಬಗ್ಗೆ ನಾ ಹೇಳ್ತೀನ್ರಿ. ಎರಡನೇ ಹಳಿ, ಹೈವೇ ಅಗಲ ಮಾಡೋದು, ಕರೆಂಟಿನ ದೊಡ್ಡ ಲೈನು, ಮೂರೂ ಅದೇ ಕಾಡಿನಾಗ ಹಾಯೋವು, ಬಂದರದಿಂದ ಕಲ್ಲಿದ್ದಲು ಸಾಗಸಾಕ ಈ ಹಳಿ ಅಂತ ಜನಕ್ಕ ಸಿಟ್ಟು. 2020ರ ನವೆಂಬರದಾಗ ಚಾಂದೋರ ಊರಾಗ ರಾತ್ರಿಯೆಲ್ಲಾ ಸಾವಿರಾರು ಮಂದಿ ಹಳಿ ಹತ್ರ ಕುಂತಿದ್ರು, ಮುದುಕ್ರು ಹುಡುಗ್ರು ಎಲ್ಲಾ. ಗೋವಾ ಫೌಂಡೇಶನ್ ಅನ್ನೋ ಪರಿಸರ ಸಂಘಟನೆಯವರು ಕೋರ್ಟಿಗೆ ಹೋದ್ರು. 2022ರ ಮೇದಾಗ ಸುಪ್ರೀಂ ಕೋರ್ಟ್ ತಿನೈಘಾಟ್–ಕ್ಯಾಸಲ್‌ರಾಕ್–ಕುಳೆಂ ಡಬ್ಲಿಂಗಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿ ಅನುಮತಿ ರದ್ದು ಮಾಡ್ತು. ಆದ್ರ ಬಾಗಿಲು ಪೂರ್ತಿ ಮುಚ್ಚಿಲ್ಲ, ಸರಿಯಾಗಿ ಅಧ್ಯಯನ ಮಾಡ್ಕೊಂಡು ಮತ್ತ ಅರ್ಜಿ ಹಾಕಬಹುದು ಅಂದೈತಿ. ಹಂಗಾಗಿ ಗೆದ್ವಿ ಅಂತ ಸುಮ್ನ ಕೂಡೋದು ಬ್ಯಾಡ ಅನ್ನೋದು ನನ್ನ ಮಾತು.

ಪಣಜಿ ಮಲೆನಾಡಿಗ:
ಮಳೆಗಾಲದಲ್ಲಿ ಹತ್ರ ಹೋಗ್ಬೇಡಿ ಸಾರ್, ಪ್ಲೀಸ್. ಹಳಿ ಮೇಲೆ ನಡ್ಕೊಂಡು ಹೋಗೋದು ಅಪರಾಧ, 2023ರ ಜುಲೈನಲ್ಲಿ ಹಂಗೆ ಹೋದೋರಿಗೆ ರೈಲ್ವೆ ಪೊಲೀಸ್ರು ಬಸ್ಕಿ ಹೊಡೆಸಿದ ವಿಡಿಯೋ ಎಲ್ರೂ ನೋಡಿದೀವಿ. ಮಳೆ ನಿಂತ್ಮೇಲೆ, ಸಾಮಾನ್ಯವಾಗಿ ಅಕ್ಟೋಬರಿಂದ, ಕುಳೆಂನಿಂದ ಜೀಪ್ ಬಿಡ್ತಾರೆ, ಹಳ್ಳದ ನೀರಲ್ಲೇ ಇಳಿದು ಹತ್ತಿ ಹೋಗುತ್ತೆ, ಲೈಫ್ ಜಾಕೆಟ್ ಕಡ್ಡಾಯ. ಚಿಪ್ಸ್ ಪ್ಯಾಕೆಟ್ ಮಾತ್ರ ತಗೊಂಡು ಹೋಗ್ಬೇಡಿ. ಅಲ್ಲಿನ ಕೋತಿಗಳು ಕೈಯಿಂದಲೇ ಕಿತ್ಕೊಂಡು, ಹಲ್ಲಲ್ಲಿ ಹರಿದು, ಪ್ಲಾಸ್ಟಿಕ್ಕನ್ನೂ ನೆಕ್ತಾವೆ, ನೋಡೋಕಾಗಲ್ಲ. ಬಿಡುವಿದ್ರೆ ಅದೇ ಕಾಡಲ್ಲಿರೋ ತಾಂಬಡಿ ಸುರ್ಲಾ ಮಹಾದೇವ ದೇವಸ್ಥಾನಕ್ಕೂ ಕರ್ಕೊಂಡು ಹೋಗಿ, ಕದಂಬರ ಕಾಲದ್ದು, ಪ್ರಾಜೆಕ್ಟಿಗೆ ಒಳ್ಳೆ ಫೋಟೋ ಸಿಗುತ್ತೆ.